ಖಾಲಿ ತೋಟಾದ ಸಾಕ್ಷ್ಯ

ಎನ್. ಸಿ. ಸಿ. ಶಿಬಿರದಲ್ಲಿ ಗುರಿಹೊಡೆಯುವ ಅಭ್ಯಾಸ ಮುಗಿದೊಡನೆ ಮೈದಾನದಲ್ಲಿ ಇನ್ನೊಂದು ಕೆಲಸ ಆರಂಭವಾಗುತ್ತದೆ. ಹುಡುಗರೆಲ್ಲರೂ ಬಗ್ಗಿ, ಹುಲ್ಲಿನ ನಡುವೆ ಬಿದ್ದಿರುವ ಖಾಲಿ ತೋಟಾಗಳನ್ನು ಆರಿಸುತ್ತಾರೆ. ಹವಾಲ್ದಾರರು ಅವನ್ನು ಎಣಿಸಿ, ಬೆಳಗ್ಗೆ ಕೊಟ್ಟ ತೋಟಾಗಳ ಲೆಕ್ಕದೊಡನೆ ತಾಳೆ ನೋಡುತ್ತಾರೆ. ಒಂದು ಕಡಮೆಯಾದರೂ ಯಾರೂ ಊಟಕ್ಕೆ ಹೋಗುವಂತಿಲ್ಲ. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬನು, “ಗುಂಡು ಹೋಯಿತು, ಮದ್ದು ಸುಟ್ಟಿತು, ಈ ಹಿತ್ತಾಳೆಯ ಚೂರಿಗೆ ಇಷ್ಟೇಕೆ ಮರ್ಯಾದೆ, ಸಾರ್?” ಎಂದು ಕೇಳಿದನು. ಅವನ ಅಂಗೈಯಲ್ಲಿದ್ದ ಎರಡು ಖಾಲಿ ತೋಟಾಗಳನ್ನು ಬಿಸಿಲಿಗೆ ಹಿಡಿದು ನೋಡುವಂತೆ ಹೇಳಿದೆನು. ಎರಡೂ ಒಂದೇ ಪೆಟ್ಟಿಗೆಯಿಂದ ಬಂದವು. ಆದರೂ ಒಂದರ ತಳದ ಅಂಚಿನಲ್ಲಿ ಅಚ್ಚುಕಟ್ಟಾದ ಚೌಕನೆಯ ಕುಳಿ ಬಿದ್ದಿತ್ತು. ಇನ್ನೊಂದರಲ್ಲಿ ಕುಳಿ ತುಸು ಓರೆಯಾಗಿ, ಅದರ ಒಂದು ಮೂಲೆ ಮುಕ್ಕಾಗಿತ್ತು. ಅವನು ಕ್ಷಣಕಾಲ ಯೋಚಿಸಿ, “ಇವೆರಡೂ ಒಂದೇ ರೈಫಲಿನಿಂದ ಬಂದವಲ್ಲ” ಎಂದನು. ಅವನ ಪ್ರಶ್ನೆಗೆ ಅವನೇ ಉತ್ತರ ಕೊಟ್ಟಂತಾಯಿತು.

ಹಾರಿಹೋದ ಗುಂಡು ಸಿಕ್ಕದೆ ಹೋಗಬಹುದು. ಕೋವಿಯನ್ನು ಹೊಳೆಗೆ ಎಸೆದಿರಬಹುದು. ಆದರೆ ಖಾಲಿ ತೋಟಾ ನಡೆದ ಸ್ಥಳದಲ್ಲಿಯೇ ಬಿದ್ದಿರುತ್ತದೆ. ಪತ್ರಿಕೆಗಳಲ್ಲಿ ಖಾಲಿ ಕಾಡತೂಸು ಎಂದು ಬರೆಯುವುದು ಇದನ್ನೇ. ಅದರ ಮೈಯ ಉಬ್ಬು, ಬಿರುಕು, ಗೆರೆ, ಕುಳಿಗಳು ಕೋವಿಯ ವಿಷಯವಾಗಿ ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಈ ಎರಡನೆಯ ಪ್ರಶ್ನೆಯು ಮೊದಲನೆಯದಕ್ಕಿಂತ ಕಡಮೆ ಮಹತ್ತ್ವದ್ದಲ್ಲ. ಒಬ್ಬ ಮನುಷ್ಯನ ಪ್ರಾಣವು ಅದರ ಉತ್ತರವನ್ನು ಅವಲಂಬಿಸಿದ್ದುಂಟು.

ತೋಟಾದ ಅಂಗಗಳು

ಕೊಡಗು ಮತ್ತು ಮಲೆನಾಡುಗಳ ಹಿರಿಯರು ಬಲ್ಲ ಕೇಪಿನ ಕೋವಿಯಲ್ಲಿ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದಲೇ ಹಾಕಿ ಗಜದಿಂದ ತುಂಬಬೇಕು. ಅಂತಹ ಕೋವಿ ಹಾರಿದ ಮೇಲೆ ಖಾಲಿ ತೋಟಾ ಎಂಬುದು ಉಳಿಯುವುದಿಲ್ಲ. ಆಧುನಿಕ ರೈಫಲು ಮತ್ತು ಪಿಸ್ತೂಲುಗಳಲ್ಲಿ ನಾಲ್ಕು ವಸ್ತುಗಳು ಒಂದೇ ಕಟ್ಟಾಗಿ ಸೇರಿರುತ್ತವೆ: ಮುಂದೆ ಗುಂಡು, ನಡುವೆ ಮದ್ದು, ತಳದಲ್ಲಿ ಕಿಡಿಯೆಬ್ಬಿಸುವ ಕೇಪು, ಇವೆಲ್ಲವನ್ನೂ ಹಿಡಿದಿರುವ ಲೋಹದ ಕೋಶ. ಈ ಕಟ್ಟೇ ತೋಟಾ. ನಳಿಗೆಯ ಹಿಂಭಾಗದಲ್ಲಿ ತೋಟಾ ಕುಳಿತುಕೊಳ್ಳಲು ಕೊರೆದಿರುವ ಜಾಗವನ್ನು ‘ಗೂಡು’ ಎಂದು ಕರೆಯೋಣ. ಗೂಡಿನ ಹಿಂಬಾಗಿಲನ್ನು ಮುಚ್ಚುವ ಉಕ್ಕಿನ ತುಂಡು ಬೋಲ್ಟು. ಬೋಲ್ಟಿನ ಮುಖದಲ್ಲಿರುವ ರಂಧ್ರದಿಂದ ಒಂದು ಮೊಳೆ ಮುಂದಕ್ಕೆ ಚಿಮ್ಮಿ ಕೇಪನ್ನು ಹೊಡೆಯುತ್ತದೆ. ಎನ್. ಸಿ. ಸಿ. ಅಭ್ಯಾಸದ .೨೨ ತೋಟಾದಲ್ಲಿ ಪ್ರತ್ಯೇಕವಾದ ಕೇಪು ಇಲ್ಲ. ಕಿಡಿಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಆದುದರಿಂದಲೇ ಅದರ ಕುಳಿ ನಡುವೆ ಬೀಳದೆ ಅಂಚಿನಲ್ಲಿ ಬೀಳುತ್ತದೆ.

ಕೋಶವನ್ನು ಸಾಮಾನ್ಯವಾಗಿ ನೂರರಲ್ಲಿ ೭೦ ಪಾಲು ತಾಮ್ರ, ೩೦ ಪಾಲು ಸತು ಬೆರೆತ ಹಿತ್ತಾಳೆಯಿಂದ ಮಾಡುತ್ತಾರೆ. ಈ ಹಿತ್ತಾಳೆಯ ಹಿಂದೆ ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಕಥೆಯಿದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂದಿತೆಂದರೆ ಸೈನ್ಯದ ಚಟುವಟಿಕೆ ತಗ್ಗುತ್ತಿತ್ತು. ತೋಟಾಗಳನ್ನು ಕುದುರೆಲಾಯಗಳಲ್ಲಿ ಇರಿಸುತ್ತಿದ್ದರು. ಮಳೆ ಕಳೆದು ಪೆಟ್ಟಿಗೆ ತೆರೆದರೆ, ಒಂದು ಗುಂಡನ್ನೂ ಹಾರಿಸದ ಕೋಶಗಳು ತಾವಾಗಿಯೇ ಬಿರಿದಿರುತ್ತಿದ್ದವು. ಋತುವಿಗನುಸಾರವಾಗಿ ಕಾಣಿಸಿಕೊಂಡ ಈ ಬಿರುಕಿನ ಕಾರಣವು ತೃಪ್ತಿಕರವಾಗಿ ತಿಳಿದದ್ದು ೧೯೨೧ರಲ್ಲಿ. ತಣ್ಣಗಿರುವಾಗಲೇ ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಬಿಗುವು ಉಳಿದುಕೊಂಡಿರುತ್ತದೆ. ಕುದುರೆಯ ಮೂತ್ರದಿಂದ ಏಳುವ ಅಮೋನಿಯವು ಲೋಹದ ಹರಳುಗಳ ಸಂದಿಗಳನ್ನು ಕೊರೆಯುತ್ತದೆ. ಒಳಗಿನ ಬಿಗುವು ಆ ಸಂದಿಗಳನ್ನು ಸೀಳುತ್ತದೆ. ರೂಪಿಸಿದ ಕೋಶವನ್ನು ಹದವಾಗಿ ಕಾಯಿಸಿ ಆ ಬಿಗುವನ್ನು ಕಳೆಯುವುದೇ ಇದಕ್ಕೆ ಪರಿಹಾರ. ಪರೀಕ್ಷಕನಿಗೆ ಈ ಕಥೆಯಲ್ಲಿ ಮೊದಲನೆಯ ಎಚ್ಚರಿಕೆಯಿದೆ: ಬಿರಿದ ಕೋಶವನ್ನು ಕಂಡೊಡನೆ ಕೋವಿಯ ಮೇಲೆ ತಪ್ಪು ಹೊರಿಸಬಾರದು.

ಸೆಕೆಂಡಿನ ಸಾವಿರದಲ್ಲೊಂದು ಪಾಲು

ಕೇಪು ಸಿಡಿದು ಮದ್ದು ಹೊತ್ತಿಕೊಂಡಾಗ ಕೋಶದೊಳಗೆ ನಡೆಯುವುದೇನು? ಅನೇಕ ದೇಶಗಳ ಸೈನ್ಯಗಳು ಬಳಸಿದ ೭.೬೨ ಮಿಲಿಮೀಟರ್ ರೈಫಲಿನ ತೋಟಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರೊಳಗೆ ಅನಿಲದ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು ೩,೫೦೦ ಕಿಲೋಗ್ರಾಂ ತೂಕದಷ್ಟಕ್ಕೆ, ಎಂದರೆ ವಾಯುಮಂಡಲದ ಒತ್ತಡದ ಮೂರು ಸಾವಿರ ಪಟ್ಟಿಗೂ ಮೀರಿ, ಏರುತ್ತದೆ. ಕೋಶದ ಒಳವ್ಯಾಸವನ್ನು ಲೆಕ್ಕದ ಸೌಕರ್ಯಕ್ಕಾಗಿ ಒಂದು ಸೆಂಟಿಮೀಟರ್ ಎಂದು ಭಾವಿಸಿದರೆ ತಳದ ವಿಸ್ತೀರ್ಣ ೦.೭೮೫ ಚದರ ಸೆಂಟಿಮೀಟರ್. ಇವೆರಡನ್ನೂ ಗುಣಿಸಿದರೆ ಸುಮಾರು ೨,೭೫೦ ಕಿಲೋಗ್ರಾಂ ಬರುತ್ತದೆ. ಬೆರಳ ತುದಿಯಷ್ಟು ಅಗಲದ ತಳದ ಮೇಲೆ ಪ್ರಾಯದ ಹೆಣ್ಣಾನೆಯೊಂದರ ತೂಕ! ಇದೆಲ್ಲವೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಕಾಲದಲ್ಲಿ ನಡೆದುಹೋಗುತ್ತದೆ.

ಈ ಒತ್ತಡಕ್ಕೆ ಕೋಶದ ತೆಳುವಾದ ಗೋಡೆ ತಡೆಯಲಾರದೆ ಹಿಗ್ಗಿ, ಗೂಡಿನ ಉಕ್ಕಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಇದರಿಂದ ಅನಿಲವು ಹಿಂದಕ್ಕೆ ನುಗ್ಗದಂತೆ ದಾರಿ ಮುಚ್ಚುತ್ತದೆ. ಗುಂಡು ನಳಿಗೆಯನ್ನು ಬಿಟ್ಟು ಒತ್ತಡ ಇಳಿದೊಡನೆ ಕೋಶ ತುಸು ಕುಗ್ಗಬೇಕು. ಇಲ್ಲವಾದರೆ ಅದು ಗೂಡಿನಲ್ಲಿಯೇ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯ ಸ್ಥಿತಿಸ್ಥಾಪಕತ್ವದ ಗುಣಾಂಕವು ಉಕ್ಕಿನದರ ಸುಮಾರು ಅರ್ಧದಷ್ಟು. ಎಂದರೆ ಸಮಾನವಾದ ಬಿಗುವಿನಿಂದ ಬಿಡುಗಡೆ ಹೊಂದಿದಾಗ ಹಿತ್ತಾಳೆ ಉಕ್ಕಿಗಿಂತ ಎರಡರಷ್ಟು ಹಿಂಜರಿಯುತ್ತದೆ. ಅದು ಗೂಡಿನಿಂದ ಬಿಡಿಸಿಕೊಳ್ಳಲು ಈ ಗುಣ ನೆರವಾಗುತ್ತದೆ. ಆದರೆ ಹಿಗ್ಗಿದ್ದರಲ್ಲಿ ಬಹುಪಾಲು ಹಾಗೆಯೇ ಉಳಿಯುತ್ತದೆ. ಆದುದರಿಂದ ಹೊರಬಿದ್ದ ಕೋಶವು ಮೊದಲಿನ ಕೋಶವಲ್ಲ. ಅದು ತಾನು ಕುಳಿತಿದ್ದ ಗೂಡಿನ ಅಚ್ಚು. ಬೆಲ್ಲದ ಅಚ್ಚನ್ನು ಕಂಡು ಅದು ಯಾವ ಹಲಗೆಯ ಕುಳಿಯಿಂದ ಬಂದಿತೆಂದು ಹೇಳಬಹುದಾದಂತೆ, ಕೋಶವನ್ನು ಕಂಡು ಗೂಡಿನ ರೂಪವನ್ನು ಊಹಿಸಬಹುದು.

ಎರಡು ಬಿರುಕು, ಎರಡು ಕಥೆ

ಗೂಡು ತೋಟಾಕ್ಕಿಂತ ತೀರ ಅಗಲವಾಗಿದ್ದರೆ ಏನಾಗುತ್ತದೆ? ಕೋಶ ಹಿಗ್ಗುತ್ತದೆ, ಆದರೆ ಆನಿಕೊಳ್ಳಲು ಗೋಡೆ ಹತ್ತಿರದಲ್ಲಿಲ್ಲ. ಆಗ ಕೋಶವು ಒಂದು ಕಡೆ ಉಬ್ಬಿ, ಕೊನೆಗೆ ಉದ್ದುದ್ದಕ್ಕೆ ಸೀಳುತ್ತದೆ. ಅಡ್ಡಲಾಗಿ ಏಕೆ ಸೀಳುವುದಿಲ್ಲ? ಕೊಳವೆಯೊಂದರೊಳಗಿನ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಿದರೆ, ಕೊಳವೆಯನ್ನು ಉದ್ದಕ್ಕೆ ಸೀಳಲೆಳಸುವ ಬಿಗುವು ದೊರೆಯುತ್ತದೆ. ಅಡ್ಡಲಾಗಿ ತುಂಡರಿಸಲೆಳಸುವ ಬಿಗುವು ಅದರ ಅರ್ಧ ಮಾತ್ರ. ಒತ್ತಡ ಹೆಚ್ಚಿದ ನೀರಿನ ಕೊಳವೆ ಸಾಮಾನ್ಯವಾಗಿ ಉದ್ದಕ್ಕೇ ಬಿರಿಯುವುದೂ ಇದೇ ಕಾರಣದಿಂದ. ಹೊಂದದ ಕೊಳವೆಯನ್ನೇ ನಳಿಗೆಯಾಗಿಸಿ ಕಳ್ಳತನದಿಂದ ತಯಾರಿಸುವ ನಾಡ ಪಿಸ್ತೂಲುಗಳಿಂದ ಹೊರಬಿದ್ದ ಕೋಶಗಳಲ್ಲಿ ಇಂತಹ ಉಬ್ಬು ಮತ್ತು ಉದ್ದಬಿರುಕುಗಳು ಕಾಣುವುದುಂಟು. ಒಂದು ಅಳತೆಯ ತೋಟಾವನ್ನು ಅದಕ್ಕಿಂತ ದೊಡ್ಡ ಅಳತೆಯ ಗೂಡಿನಲ್ಲಿ ಹಾರಿಸಿದಾಗಲೂ ಹೀಗೆಯೇ ಆಗುತ್ತದೆ.

ಇನ್ನು ಕೋಶದ ಸುತ್ತ, ತಳದಿಂದ ತುಸು ಮೇಲೆ, ಬಳೆಯಂತೆ ಹೊಳೆಯುವ ಗೆರೆಯೊಂದು ಕಂಡಿತೆನ್ನೋಣ. ಇದರ ಕಥೆ ಬೇರೆ. ಇಲ್ಲಿ ಗೂಡು ಅಗಲದಲ್ಲಿ ಸರಿಯಿದೆ. ತೋಟಾದ ತಳಕ್ಕೂ ಬೋಲ್ಟಿನ ಮುಖಕ್ಕೂ ನಡುವೆ ಮಾತ್ರ ಅಂತರ ಹೆಚ್ಚಾಗಿದೆ. ಕೋಶದ ಮುಂಭಾಗದ ತೆಳುಗೋಡೆ ಮೊದಲು ಹಿಗ್ಗಿ ಗೂಡನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ. ದಪ್ಪವಾದ ತಳವಾದರೋ ಅನಿಲದ ನೂಕುವಿಕೆಯಿಂದ ಹಿಂದಕ್ಕೆ ಸರಿಯುತ್ತದೆ. ಮುಂಭಾಗ ನಿಂತು ಹಿಂಭಾಗ ಓಡಿದರೆ ನಡುವಿನ ಲೋಹ ಎಳೆದಂತಾಗಿ ಸವೆಯಲೇಬೇಕು. ಎಳೆತ ಮಿತಿಮೀರಿದರೆ ತಳವೇ ಕಳಚಿಹೋಗಿ, ಬಿಸಿ ಅನಿಲ ಹಾರಿಸುವವನ ಕಣ್ಣಿನತ್ತ ನುಗ್ಗುತ್ತದೆ. ಹೀಗೆ ಉದ್ದಬಿರುಕು ಗೂಡಿನ ಅಗಲವನ್ನೂ, ಬಳೆಬಿರುಕು ಅದರ ಹಿಂಬದಿಯ ಸಡಿಲವನ್ನೂ ಸೂಚಿಸುತ್ತವೆ. ಹಿತ್ತಾಳೆಯೇ ಕೆಟ್ಟಿರಲಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು, ಅಷ್ಟೆ.

ಸಡಿಲವೆಲ್ಲವೂ ದೋಷವೆಂದು ತಿಳಿಯಬಾರದು. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲಿನಿಂದ ಹೊರಬಿದ್ದ .೩೦೩ ಕೋಶವನ್ನು ಹೊಸ ತೋಟಾದ ಪಕ್ಕದಲ್ಲಿ ಇರಿಸಿದರೆ ಅದರ ಭುಜ ಮುಂದಕ್ಕೆ ಉಬ್ಬಿರುವುದು ಎದ್ದುಕಾಣುತ್ತದೆ. ಅದರ ಗೂಡು ಉದಾರವಾದುದು. ಕೆನಡದ ರಾಸ್ ರೈಫಲಿನ ಗೂಡು ಬಿಗಿ. ಗುರಿಕಾರರ ಪಂದ್ಯಗಳಲ್ಲಿ ರಾಸ್ ಹೆಸರು ಗಳಿಸಿತು. ಆದರೆ ೧೯೧೫ರ ಏಪ್ರಿಲಿನಲ್ಲಿ ಬೆಲ್ಜಿಯಮಿನ ಈಪ್ರ್ ಕದನದಲ್ಲಿ ಕೆಸರು ಮತ್ತು ಅಳತೆ ತುಸು ಹೆಚ್ಚುಕಡಮೆಯಾದ ತೋಟಾಗಳು ಸೇರಿ ಅದರ ಬೋಲ್ಟುಗಳನ್ನು ಕಚ್ಚಿಸಿಬಿಟ್ಟವು. ಕೆನಡದ ಸೈನಿಕರು ಅದನ್ನು ಎಸೆದು, ಸತ್ತವರ ಪಕ್ಕದಲ್ಲಿ ಬಿದ್ದಿದ್ದ ಲೀ-ಎನ್‌ಫೀಲ್ಡುಗಳನ್ನು ಎತ್ತಿಕೊಂಡರು. ಉಬ್ಬಿದ .೩೦೩ ಕೋಶವು ಸೋಮಾರಿ ಕಮ್ಮಾರನ ಕೈಯನ್ನಲ್ಲ, ಕೆಸರಿನ ಯುದ್ಧಕ್ಕೆ ಒದಗಿದ ಗೂಡನ್ನು ಸೂಚಿಸುತ್ತದೆ.

ಆಕಾರದಿಂದ ಜಾತಿ

ಕೆಲವು ಕೋಶಗಳನ್ನು ನೋಡಿದೊಡನೆ ಅವು ಯಾವ ಬಗೆಯ ಆಯುಧದಿಂದ ಬಂದುವೆಂಬುದನ್ನು ಊಹಿಸಬಹುದು. ಮೈಮೇಲೆ ಉದ್ದುದ್ದಕ್ಕೆ ಸಮದೂರದಲ್ಲಿ ಮಸಿಯ ಪಟ್ಟೆಗಳಿರುವ ಕೋಶ ಸಿಕ್ಕಿತೆನ್ನಿ. ಗೂಡಿನ ಗೋಡೆಯಲ್ಲಿ ಬೇಕೆಂದೇ ಗಾಡಿಗಳನ್ನು ಕೊರೆದಿರುವ ಆಯುಧದ ಗುರುತು ಇದು. ಜರ್ಮನಿಯ ಜಿ-೩ ರೈಫಲು ಮತ್ತು ಎಂಪಿ-೫ ಬಂದೂಕು ಈ ಗುಂಪಿನವು. ಎಂಪಿ-೫ ನಮ್ಮ ರಾಷ್ಟ್ರೀಯ ಭದ್ರತಾ ದಳದವರ ಕೈಯಲ್ಲಿಯೂ ಕಂಡಿದೆ. ಈ ಆಯುಧಗಳಲ್ಲಿ ಬೋಲ್ಟಿಗೆ ಬಲವಾದ ಬೀಗವಿಲ್ಲ. ಉರುಳೆಗಳು ಅದನ್ನು ಕ್ಷಣಕಾಲ ತಡೆದಿರುತ್ತವೆ, ಅಷ್ಟೆ. ಒಳಗಿನ ಒತ್ತಡ ಪೂರ್ತಿ ಇಳಿಯುವ ಮೊದಲೇ ಬೋಲ್ಟು ಹಿಂದಕ್ಕೆ ಹೊರಡುತ್ತದೆ. ಆಗ ಕೋಶ ಗೂಡಿಗೆ ಒತ್ತಿಕೊಂಡಿದ್ದರೆ ಅದರ ತಳ ಹರಿದುಹೋದೀತು. ಗಾಡಿಗಳ ಮೂಲಕ ಅನಿಲವು ಕೋಶದ ಹೊರಮೈಗೂ ಹರಿಯುವುದರಿಂದ ಒಳಗಿನ ಮತ್ತು ಹೊರಗಿನ ಒತ್ತಡಗಳು ಬಹುಮಟ್ಟಿಗೆ ಸರಿದೂಗಿ, ಕೋಶವು ಅನಿಲದ ಮೇಲೆ ತೇಲಿದಂತೆ ಸುಲಭವಾಗಿ ಹೊರಬರುತ್ತದೆ. ಮಸಿಯ ಪಟ್ಟೆಗಳು ಆ ಅನಿಲದ ಹೆಜ್ಜೆಗಳು.

ಮತ್ತೊಂದು ವಿಚಿತ್ರ ಕೋಶ ೧೮೯೫ರ ಮಾದರಿಯ ನಗಾಂ ರಿವಾಲ್ವರಿನದು. ಬೆಲ್ಜಿಯಮಿನ ಸೋದರರ ಹೆಸರಿನ ಈ ಆಯುಧವನ್ನು ರಷ್ಯದ ಸೈನ್ಯ ಬಳಸಿತು. ಸಾಮಾನ್ಯ ತೋಟಾದಲ್ಲಿ ಗುಂಡಿನ ಮೂಗು ಹೊರಗೆ ಚಾಚಿರುತ್ತದೆ. ಇದರಲ್ಲಿ ಗುಂಡು ಪೂರ್ತಿಯಾಗಿ ಕೋಶದೊಳಗೆ ಅಡಗಿದ್ದು, ಕೋಶದ ಬಾಯಿ ಅದಕ್ಕಿಂತ ಮುಂದಿರುತ್ತದೆ. ರಿವಾಲ್ವರುಗಳಲ್ಲಿ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಸಂದು ಇರುವುದು ಸಹಜ. ಅಲ್ಲಿಂದ ಅನಿಲ ಸೋರುತ್ತದೆ. ನಗಾಂ ರಿವಾಲ್ವರಿನಲ್ಲಿ ಉರುಳೆ ಮುಂದಕ್ಕೆ ಸರಿಯುತ್ತದೆ, ಕೋಶದ ಬಾಯಿ ನಳಿಗೆಯೊಳಕ್ಕೆ ಹೊಕ್ಕು ಅರಳಿ ಸಂದನ್ನು ಮುಚ್ಚುತ್ತದೆ. ಹೊಸ ತೋಟಾದ ಬಾಯಿ ಒಳಕ್ಕೆ ಮುದುಡಿರುತ್ತದೆ. ಖಾಲಿ ಕೋಶದ ಬಾಯಿ ಅರಳಿರುತ್ತದೆ. ಆ ಅರಳಿದ ಬಾಯಿಯೇ ಯಂತ್ರದ ವಿವರಣೆ.

ಕೇಪಿನ ಮೇಲಿನ ಗುರುತೂ ಜಾತಿಯನ್ನು ಹೇಳಬಲ್ಲುದು. ಹಲವು ಪಿಸ್ತೂಲುಗಳ ಮೊಳೆ ದುಂಡನೆಯ ಕುಳಿ ಮಾಡುತ್ತದೆ. ಆಸ್ಟ್ರಿಯದ ಗ್ಲಾಕ್ ಪಿಸ್ತೂಲಿನಲ್ಲಿ ಮೊಳೆಯ ರಂಧ್ರ ಆಯತಾಕಾರವಾದುದರಿಂದ ಕೇಪಿನ ಮೇಲೆ ಆಯತದ ಅಚ್ಚು ಮೂಡುತ್ತದೆ. ಆದರೆ ಇದೇ ಬಗೆಯ ಗುರುತು ಬಿಡುವ ಬೇರೆ ಪಿಸ್ತೂಲುಗಳೂ ಇವೆ. ಆದುದರಿಂದ ‘ಇದು ಗ್ಲಾಕ್’ ಎನ್ನುವುದಕ್ಕಿಂತ ‘ಇದು ಈ ಗುಂಪಿನಲ್ಲೊಂದು’ ಎನ್ನುವುದೇ ಶಾಸ್ತ್ರೀಯವಾದ ಮಾತು.

ಜಾತಿಯಿಂದ ವ್ಯಕ್ತಿಗೆ

ಇಲ್ಲಿಯವರೆಗೆ ನೋಡಿದ್ದು ಜಾತಿಲಕ್ಷಣಗಳನ್ನು. ನ್ಯಾಯಾಲಯವು ಕೇಳುವುದಾದರೋ, ‘ಇದೇ ಪಿಸ್ತೂಲೇ?’ ಎಂದು. ಬೋಲ್ಟಿನ ಮುಖವನ್ನು ಕೊರೆದ, ಅರೆದ ಉಳಿಗಳು ಅದರ ಮೇಲೆ ಅತಿ ಸೂಕ್ಷ್ಮವಾದ ಗೀರುಗಳನ್ನು ಬಿಟ್ಟಿರುತ್ತವೆ; ಬಳಕೆ ಮತ್ತು ತುಕ್ಕುಗಳು ಇನ್ನಷ್ಟನ್ನು ಸೇರಿಸುತ್ತವೆ. ಟನ್ನುಗಟ್ಟಲೆ ಬಲದಿಂದ ಕೋಶದ ತಳ ಆ ಮುಖಕ್ಕೆ ಅಪ್ಪಳಿಸಿದಾಗ, ಮೆದುವಾದ ಕೇಪಿನ ಮೇಲೆ ಗೀರುಗಳು ಮುದ್ರೆಯೊತ್ತಿದಂತೆ ಇಳಿಯುತ್ತವೆ. ಕೋಶವನ್ನು ಎಳೆಯುವ ಕೊಕ್ಕೆ, ಹೊರಕ್ಕೆ ಚಿಮ್ಮಿಸುವ ಚಾಚು ಸಹ ತಮ್ಮ ತಮ್ಮ ಗುರುತುಗಳನ್ನು ಬಿಡುತ್ತವೆ.

ಇವನ್ನು ಸರಿಯಾಗಿ ಓದುವ ವಿದ್ಯೆ ಒಂದು ದೊಡ್ಡ ತಪ್ಪಿನಿಂದ ಬೆಳೆಯಿತು. ೧೯೧೫ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ ಇಬ್ಬರ ಕೊಲೆಯಾಯಿತು. ಚಾರ್ಲ್ಸ್ ಸ್ಟೀಲೋ ಎಂಬ ಅನಕ್ಷರಸ್ಥ ಕೃಷಿಕಾರ್ಮಿಕನ ಬಳಿ .೨೨ ರಿವಾಲ್ವರ್ ಇದ್ದಿತು. ತಜ್ಞನೆನಿಸಿಕೊಂಡವನೊಬ್ಬನು ಶವದಲ್ಲಿ ಸಿಕ್ಕ ಗುಂಡುಗಳ ಗೀರುಗಳು ಆ ರಿವಾಲ್ವರಿನವೇ ಎಂದು ನ್ಯಾಯಾಲಯದಲ್ಲಿ ನುಡಿದನು, ಸ್ಟೀಲೋವಿಗೆ ಮರಣದಂಡನೆಯಾಯಿತು. ದಂಡನೆ ಜಾರಿಯಾಗುವುದು ಕೊನೆಯ ಗಳಿಗೆಯಲ್ಲಿ ತಪ್ಪಿತು. ಮರುವಿಚಾರಣೆಯಲ್ಲಿ ಆ ರಿವಾಲ್ವರಿನಿಂದ ಪರೀಕ್ಷಾರ್ಥವಾಗಿ ಹಾರಿಸಿದ ಗುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೊಲೆಯ ಗುಂಡುಗಳು ಅದರಿಂದ ಬರಲು ಸಾಧ್ಯವೇ ಇಲ್ಲವೆಂದು ತಿಳಿಯಿತು. ೧೯೧೮ರಲ್ಲಿ ಅವನ ಬಿಡುಗಡೆಯಾಯಿತು. ಅಲ್ಲಿ ಪರೀಕ್ಷೆಗೊಳಗಾದದ್ದು ಕೋಶವಲ್ಲ, ಗುಂಡು. ಪಾಠ ಮಾತ್ರ ಒಂದೇ.

ಆ ಮರುವಿಚಾರಣೆಯಲ್ಲಿ ದುಡಿದ ಚಾರ್ಲ್ಸ್ ವೇಟ್ ಎಂಬಾತನು ಮುಂದೆ ಕ್ಯಾಲ್ವಿನ್ ಗಾಡರ್ಡ್ ಮತ್ತು ಫಿಲಿಪ್ ಗ್ರೆವೆಲ್ ಮೊದಲಾದವರೊಡನೆ ಸೇರಿ ಈ ಪರೀಕ್ಷೆಗೆ ಶಿಸ್ತನ್ನು ತಂದನು. ೧೯೨೫ರ ಸುಮಾರಿಗೆ ಗ್ರೆವೆಲ್ ಹೋಲಿಕೆಯ ಸೂಕ್ಷ್ಮದರ್ಶಕವನ್ನು ಈ ಕೆಲಸಕ್ಕೆ ಅಳವಡಿಸಿದನು. ಎರಡು ಸೂಕ್ಷ್ಮದರ್ಶಕಗಳನ್ನು ಒಂದೇ ಕಣ್ಣುಗಾಜಿಗೆ ಜೋಡಿಸಿದರೆ ಎರಡು ವಸ್ತುಗಳ ಅರ್ಧಾರ್ಧ ಬಿಂಬಗಳು ಒಟ್ಟಿಗೆ ಕಾಣುತ್ತವೆ, ನೆನಪನ್ನು ನಂಬಬೇಕಾಗಿಲ್ಲ.

೧೯೨೭ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ ಗಟ್ರಿಜ್ ಎಂಬ ಪೊಲೀಸ್ ಪೇದೆಯ ಕೊಲೆಯಾಯಿತು. ಕೊಲೆಗಾರರು ಬಿಟ್ಟುಹೋದ ಕದ್ದ ಕಾರಿನಲ್ಲಿ ಒಂದೇ ಒಂದು ಖಾಲಿ ಕೋಶ ಸಿಕ್ಕಿತು. ಅದರ ಕೇಪಿನ ಮೇಲೆ, ರಿವಾಲ್ವರಿನ ಹಿಂಗೋಡೆಯ ದೋಷವೊಂದು ಒತ್ತಿದ ಗುರುತಿತ್ತು. ತಿಂಗಳುಗಳ ಮೇಲೆ ಬ್ರೌನ್ ಎಂಬಾತನ ಬಳಿ ಸಿಕ್ಕ ವೆಬ್ಲಿ ರಿವಾಲ್ವರು ಅದೇ ಗುರುತನ್ನು ಒತ್ತಿತು. ತಜ್ಞರು ಅಷ್ಟಕ್ಕೇ ನಿಲ್ಲದೆ ಅದೇ ಮಾದರಿಯ ಬೇರೆ ಅನೇಕ ರಿವಾಲ್ವರುಗಳನ್ನೂ ಪರೀಕ್ಷಿಸಿದರು. ಯಾವುದೂ ಆ ಗುರುತನ್ನು ಬಿಡಲಿಲ್ಲ. ‘ಇದು ಹೊಂದುತ್ತದೆ’ ಎಂಬುದು ಅರ್ಧ ಪ್ರಮಾಣ. ‘ಉಳಿದವು ಹೊಂದುವುದಿಲ್ಲ’ ಎಂಬುದೇ ಇನ್ನರ್ಧ.

ಕರ್ನಾಟಕದಲ್ಲಿಯೂ ಈ ವಿದ್ಯೆ ಗಂಭೀರವಾದ ಸಂದರ್ಭದಲ್ಲಿ ಬಳಕೆಗೆ ಬಂದಿದೆ. ಸಂಶೋಧಕ ಎಂ. ಎಂ. ಕಲಬುರ್ಗಿಯವರು ೨೦೧೫ರ ಆಗಸ್ಟ್ ೩೦ರಂದು ಧಾರವಾಡದಲ್ಲಿಯೂ, ಪತ್ರಕರ್ತೆ ಗೌರಿ ಲಂಕೇಶರು ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನಲ್ಲಿಯೂ ಗುಂಡಿಗೆ ಬಲಿಯಾದರು. ಊರು ಬೇರೆ, ವರ್ಷ ಬೇರೆ. ಎರಡು ಸ್ಥಳಗಳಲ್ಲಿ ದೊರೆತ ಗುಂಡು ಮತ್ತು ಕೋಶಗಳನ್ನು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಹೋಲಿಸಿದಾಗ, ಅವು ೭.೬೫ ಮಿಲಿಮೀಟರಿನ ಒಂದೇ ನಾಡ ಪಿಸ್ತೂಲಿನಿಂದ ಬಂದುವೆಂಬ ಅಭಿಪ್ರಾಯ ಹೊರಬಿದ್ದಿತು. ತನಿಖಾ ತಂಡವು ೨೦೧೮ರಲ್ಲಿ ಅದನ್ನು ನ್ಯಾಯಾಲಯದ ಮುಂದಿರಿಸಿತು. ಎರಡು ಪ್ರಕರಣಗಳನ್ನು ಒಂದೇ ದಾರದಲ್ಲಿ ಕಟ್ಟಿದ್ದು ಈ ಹೋಲಿಕೆ. ಆದರೆ ಯಾರ ಹೊಣೆ ಎಷ್ಟೆಂಬುದನ್ನು ಹೇಳಬೇಕಾದದ್ದು ನ್ಯಾಯಾಲಯವೇ ಹೊರತು ಹಿತ್ತಾಳೆಯಲ್ಲ.

ಸಾಕ್ಷಿಯ ಮಿತಿ

ಗೀರುಗಳು ಹೊಂದಿದುವೆಂದು ಹೇಳಲು ಎಷ್ಟು ಗೀರುಗಳು ಹೊಂದಬೇಕು? ಇದಕ್ಕೆ ಸರ್ವಸಮ್ಮತವಾದ ಸಂಖ್ಯೆಯಿಲ್ಲ. ತೀರ್ಮಾನವು ಪರೀಕ್ಷಕನ ಅನುಭವವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಅಲ್ಲದೆ, ಕಾರ್ಖಾನೆಯಲ್ಲಿ ಒಂದೇ ಉಳಿಯು ಒಂದರ ಹಿಂದೊಂದರಂತೆ ಹಲವು ಬೋಲ್ಟುಗಳನ್ನು ಕೊರೆದಾಗ, ಅವುಗಳ ಮೇಲೆ ಒಂದೇ ತೆರನಾದ ಗೀರುಗಳು ಮೂಡಬಹುದು. ಕುಟುಂಬದ ಹೋಲಿಕೆಯನ್ನು ವ್ಯಕ್ತಿಯ ಗುರುತೆಂದು ಭ್ರಮಿಸುವ ಅಪಾಯ ಇಲ್ಲಿದೆ. ೨೦೦೯ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಪರಿಷತ್ತೂ, ೨೦೧೬ರಲ್ಲಿ ಆ ದೇಶದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯೂ ಈ ವಿಷಯವನ್ನು ಎತ್ತಿ, ಇಂತಹ ಹೋಲಿಕೆಯಲ್ಲಿ ತಪ್ಪು ಎಷ್ಟು ಬಾರಿ ಆಗುತ್ತದೆಂಬುದನ್ನು ಸರಿಯಾದ ಪ್ರಯೋಗಗಳಿಂದ ಅಳೆಯಬೇಕೆಂದು ಸೂಚಿಸಿದವು. ಉತ್ತರ ತಿಳಿಯದ ಪರೀಕ್ಷಕರಿಗೆ, ಉತ್ತರ ಮೊದಲೇ ಗೊತ್ತಿರುವ ಮಾದರಿಗಳನ್ನು ಕೊಟ್ಟು ನೋಡುವುದೇ ಆ ಪ್ರಯೋಗದ ಕ್ರಮ. ಪ್ರಯೋಗಶಾಲೆಯಲ್ಲಿ ನಾವು ಪ್ರತಿ ಅಳತೆಯ ಪಕ್ಕದಲ್ಲಿ ಸಂಭವನೀಯ ದೋಷವನ್ನು ಬರೆಯುತ್ತೇವಲ್ಲವೆ? ಸಾಕ್ಷಿಕಟ್ಟೆಯೂ ಈ ನಿಯಮಕ್ಕೆ ಹೊರತಾಗಬಾರದು.

ಖಾಲಿ ಕೋಶ ಸುಳ್ಳು ಹೇಳುವುದಿಲ್ಲ. ತನ್ನನ್ನು ಒತ್ತಿದ ಗೂಡು ಎಂತಹುದು, ಹೊಡೆದ ಮೊಳೆ ಎಂತಹುದು, ಆನಿಸಿಕೊಂಡ ಉಕ್ಕು ಎಂತಹುದು ಎಂಬುದನ್ನು ಅದು ಬರೆದಿಟ್ಟುಕೊಂಡಿರುತ್ತದೆ. ಟ್ರಿಗರ್ ಎಳೆದ ಬೆರಳಿನ ವಿಷಯವನ್ನು ಆ ಗುರುತುಗಳು ಹೇಳಲಾರವು. ಓದುವವನು ಅದರಲ್ಲಿಲ್ಲದ ಅಕ್ಷರಗಳನ್ನು ಓದಿದಾಗ ಮಾತ್ರ ಸುಳ್ಳು ಹುಟ್ಟುತ್ತದೆ. ಸ್ಟೀಲೋವಿಗೆ ಆದದ್ದು ಅದೇ.

ಶಿಬಿರದ ಆ ವಿದ್ಯಾರ್ಥಿ ಮರುದಿನ ಮತ್ತೆ ನನ್ನ ಬಳಿ ಬಂದನು. “ನಿನ್ನೆ ಎರಡು ಕುಳಿಗಳು ಬೇರೆಯಾಗಿದ್ದವು, ಆದುದರಿಂದ ರೈಫಲುಗಳು ಬೇರೆ ಎಂದೆ. ಒಂದು ವೇಳೆ ಕುಳಿಗಳು ಒಂದೇ ತೆರನಾಗಿದ್ದರೆ ರೈಫಲು ಒಂದೇ ಎನ್ನಬಹುದಾಗಿತ್ತೆ, ಸಾರ್?” ಎಂದು ಕೇಳಿದನು. ಉತ್ತರ ಹೇಳುವ ಬದಲು, ಹವಾಲ್ದಾರರ ಅನುಮತಿ ಪಡೆದು, ಸಾಲಿನಲ್ಲಿದ್ದ ಎಲ್ಲ ರೈಫಲುಗಳಿಂದಲೂ ಐದೈದು ಕೋಶಗಳನ್ನು ಆರಿಸಿ ಬೇರೆ ಬೇರೆ ಕಾಗದದಲ್ಲಿ ಕಟ್ಟಿ ತರುವಂತೆ ಹೇಳಿದೆನು. ಮಧ್ಯಾಹ್ನವೆಲ್ಲ ಅವನು ಭೂತಗನ್ನಡಿ ಹಿಡಿದು ಕುಳಿತಿದ್ದನು. ಸಂಜೆ ಹವಾಲ್ದಾರರ ಲೆಕ್ಕಕ್ಕೆ ಒಂದು ಕೋಶವೂ ಕಡಮೆಯಾಗಲಿಲ್ಲ.